ಎರಡು ಬೆರಳಿನ ಬಿಗಿ

ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರದ ಹಳೇ ಊರಿನೊಳಗೆ, ಮುನೇಶ್ವರನ ಗುಡಿ ದಾಟಿ ಎಡಕ್ಕೆ ತಿರುಗಿದರೆ ಮೂರನೆಯದು ಅವರ ಕಟ್ಟಡ. ಕೆಳಗೆ ಮೂರು ಮಳಿಗೆ, ಮೇಲೆ ಮೂರು ಅಂತಸ್ತು ಬಾಡಿಗೆ ಮನೆಗಳು. ನಡುವಿನ ಮಳಿಗೆಯಲ್ಲಿ ಈಗ ಬಿರಿಯಾನಿ ಪಾರ್ಸೆಲ್ ಕೊಡುತ್ತಾರೆ. ನಾಲ್ಕು ವರ್ಷದ ಹಿಂದಿನವರೆಗೆ ಅಲ್ಲಿ ಒಬ್ಬರು ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು, ಮೋಟಾರ್ ಸೈಕಲ್ಲುಗಳ ಕಾರ್ಬುರೇಟರ್ ಬಿಚ್ಚಿಕೊಂಡು ಕೂತಿರುತ್ತಿದ್ದರು. ಹೋದ ತಿಂಗಳು ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಆ ಹೆಸರನ್ನು ಹೇಳಬಾರದ ಕಡೆ ಹೇಳಿ ಅವರ ಬದುಕನ್ನು ಹಾಳು ಮಾಡಿದ್ದೇನೆ. ಎರಡನೇ ಸಲ ಬೇಡ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವವನು. ಮನೆ ವಿದ್ಯಾರಣ್ಯಪುರ, ಕಾಲೇಜು ಯಶವಂತಪುರದ ಕಡೆ. ಮದುವೆಗೂ ಮುಂಚೆ ಕೊಂಡ ಹಳೆಯ ಬೈಕೊಂದನ್ನು ಮಾರಲು ಮನಸ್ಸು ಬಾರದೆ ಇಟ್ಟುಕೊಂಡಿದ್ದೆ. ಅದರ ದೆಸೆಯಿಂದಲೇ ಅವರ ಪರಿಚಯವಾದದ್ದು. ಮೊದಲ ದಿನ ಬೈಕು ನಿಲ್ಲಿಸಿ, 'ಪೆಟ್ರೋಲ್ ಸೋರ್ತಿದೆ, ನಾನು ಯೂಟ್ಯೂಬಲ್ಲಿ ನೋಡ್ದೆ, ಫ್ಲೋಟ್ ಕೆಟ್ಟಿರಬೇಕು' ಎಂದೆ. ಅವರು ತಲೆ ಎತ್ತಲಿಲ್ಲ.

"ಅಲ್ಲೇ ರಿಪೇರಿ ಮಾಡುಸ್ಕೊಳ್ಳಿ ಅಂಗಾದ್ರೆ. ನನ್ತಾವ ಯಾಕ್ ಬಂದ್ರಿ?"

ನಾನು ಮೇಷ್ಟ್ರು ಅಂತ ತಿಳಿದ ಮೇಲೆ ಮಾತ್ರ ಸ್ವಲ್ಪ ಮೆತ್ತಗಾದರು. ಅವರು ಏಳನೇ ಕ್ಲಾಸಿಗೇ ಓದು ಬಿಟ್ಟವರು. ಮೇಷ್ಟ್ರು ಅಂದರೆ ಸುಳ್ಳು ಹೇಳದ ಜಾತಿ ಎಂಬ ನಂಬಿಕೆಯೊಂದು ಅವರಲ್ಲಿ ಹೇಗೋ ಉಳಿದುಬಿಟ್ಟಿತ್ತು. ನಮ್ಮ ಸ್ಟಾಫ್ ರೂಮಿಗೆ ಒಂದು ದಿನ ಕರೆದುಕೊಂಡು ಹೋಗಿದ್ದರೆ ಸಾಕಿತ್ತು, ಭ್ರಮೆ ಬಿಡುತ್ತಿತ್ತು. ಕರೆದುಕೊಂಡು ಹೋಗಲಿಲ್ಲವಲ್ಲ ಎಂದು ಈಗ ಅನ್ನಿಸುತ್ತದೆ.

ಅವರ ಕೆಲಸದಲ್ಲಿ ಮುಕ್ಕಾಲು ಪಾಲು ರಬ್ಬರಿನದು. ಕಾರ್ಬುರೇಟರ್ ಒಳಗೆ ಪೆಟ್ರೋಲು ಸೋರದ ಹಾಗೆ, ಗಾಳಿ ನುಗ್ಗದ ಹಾಗೆ ತಡೆಯುವ ಸಣ್ಣ ಸಣ್ಣ ರಿಂಗುಗಳು, ಪ್ಯಾಕಿಂಗುಗಳು ಇರುತ್ತವೆ. ಕೆಲವು ಸಾಸಿವೆ ಕಾಳಿನಷ್ಟೇ, ಕೆಲವು ಕೂಸಿನ ಬಳೆಯಷ್ಟು. ಈಗಿನ ಪೆಟ್ರೋಲಿಗೆ ಅವು ಊದಿಕೊಳ್ಳುತ್ತವೆ, ನಿಂತ ಗಾಡಿಯಲ್ಲಿ ಒಣಗಿ ಬಿರಿಯುತ್ತವೆ. ಬೇರೆ ಮೆಕ್ಯಾನಿಕ್ಕುಗಳು ಹಳೆಯದನ್ನೇ ಒರೆಸಿ ವಾಪಸ್ಸು ಹಾಕುತ್ತಿದ್ದರು. ಇವರು ಹಳೇ ರಿಂಗು ಹೊರಗೆ ಬಂದ ತಕ್ಷಣ ಬ್ಲೇಡಿನಿಂದ ಕಚಕ್ಕನೆ ಕತ್ತರಿಸಿ ಎಸೆಯುತ್ತಿದ್ದರು. ಯಾಕೆ ಎಂದರೆ, "ನಂಗೇ ಸೋಂಬೇರಿತನ ಬಂದ್ರೆ? ಇನ್ನೊಂದಪ ಆಕಣ ಅನ್ನುಸ್ಬಿಟ್ರೆ? ಅದ್ಕೇ ಮೊದ್ಲೇ ಕೊಯ್ದಾಕ್ಬುಡದು" ಎನ್ನುತ್ತಿದ್ದರು.

ಹೊಸ ರಿಂಗನ್ನು ಅವರು ಕಣ್ಣಿನಿಂದ ನೋಡುತ್ತಿರಲಿಲ್ಲ. ಕೆಳತುಟಿಯ ಮೇಲೆ ಇಟ್ಟು ಮೆಲ್ಲಗೆ ಒಂದು ಸುತ್ತು ಜಾರಿಸುತ್ತಿದ್ದರು. ಬೆರಳು ಗ್ರೀಸು ಹಿಡಿದು ದಡ್ಡುಗಟ್ಟಿರುತ್ತದೆ, ಕೂದಲೆಳೆಯಷ್ಟು ಬಿರುಕಿದ್ದರೂ ತುಟಿಗೆ ಸಿಗುತ್ತದೆ ಎಂದು ಅವರ ವಾದ. ನಾನೂ ಒಂದು ಸಲ ಮಾಡಿ ನೋಡಿದೆ. ನನಗೆ ರಬ್ಬರಿನ ಕಹಿ ಬಿಟ್ಟು ಬೇರೇನೂ ತಿಳಿಯಲಿಲ್ಲ. ಅವರ ಹೆಂಡತಿ ಮಹಡಿಯ ಮೆಟ್ಟಿಲ ಮೇಲೆ ನಿಂತು, "ಇದೇ ಬಾಯಲ್ಲಿ ಮುದ್ದೆ ತಿಂತಾರಲ್ಲ ಮೇಷ್ಟ್ರೇ, ನೀವಾದ್ರೂ ಬುದ್ದಿ ಏಳ್ರಿ" ಎಂದು ಗೊಣಗುತ್ತಿದ್ದರು.

ಇನ್ನೊಂದು ಅವರ ಸ್ಪ್ಯಾನರು. ಹತ್ತು ನಂಬರಿನ ಸ್ಪ್ಯಾನರನ್ನು ಅರ್ಧಕ್ಕೆ ಕೊಯ್ಯಿಸಿ ಮೋಟು ಮಾಡಿಟ್ಟುಕೊಂಡಿದ್ದರು. ಉದ್ದ ಇದ್ದರೆ ಕೈಗೆ ಬಲ ಬರುತ್ತದೆ, ಬಲ ಬಂದರೆ ಕೆಲಸ ಕೆಡುತ್ತದೆ. ಹೆಬ್ಬೆರಳು, ತೋರುಬೆರಳು ಎರಡರಲ್ಲೇ ಹಿಡಿದು ನಟ್ಟು ತಿರುಗಿಸಿ, ಒಂದು ಕಡೆ ಟಕ್ಕನೆ ನಿಲ್ಲಿಸುತ್ತಿದ್ದರು. ಅಷ್ಟೇ. ಅದರಾಚೆ ಒಂದು ಕೂದಲೂ ಇಲ್ಲ. "ಸೋರಾದ್ನ ನಿಲ್ಸಾದು ರಬ್ರು, ನಟ್ಟಲ್ಲ" ಎಂದು ಹತ್ತಾರು ಸಲ ಕೇಳಿದ್ದೇನೆ.

ಅವರ ಅಣ್ಣ ಲೇಔಟು ಮಾಡುವವರು. ಜಮೀನು ಪಾಲಾದಾಗ ತಮ್ಮನಿಗೂ ಒಂದಿಷ್ಟು ಬಂದಿತ್ತು, ಆ ಕಟ್ಟಡ ಅದರದ್ದೇ. ಅಣ್ಣ ದೊಡ್ಡ ಕಾರು ನಿಲ್ಲಿಸಿ, ಇಳಿಯದೆ, ಗಾಜು ಮಾತ್ರ ಇಳಿಸಿ ಬೈಯುತ್ತಿದ್ದದ್ದನ್ನು ನಾನೇ ನೋಡಿದ್ದೇನೆ.

"ಲೇ, ಮ್ಯಾಲೆ ಕಾಲ್ಚಾಚ್ಕೊಂಡು ಕುಂತ್ಕೊಳಾದ್ ಬುಟ್ಟು ಇದೇನ್ಲಾ ನಿಂದು? ಊರೋರು ನನ್ನ ನೋಡಿ ನಗ್ತಾವ್ರೆ."

"ಬಾಡಿಗೆ ಬರಾಕೆ ಗೋಡೆ ಸಾಕು ಕಣಣ್ಣ, ನಾನ್ಯಾಕೆ? ಇದುಕ್ಕಾದ್ರೆ ನಾನೇ ಬೇಕು."

ಅವರಿಗೆ ಇದ್ದದ್ದು ಅದೊಂದೇ. ಹೊಟ್ಟೆಪಾಡಿಗೆ ಮಾಡುತ್ತಿದ್ದ ಕೆಲಸವಲ್ಲ ಅದು. ಗೋಡೆಯಿಂದ ಆಗದ್ದು ತನ್ನ ಕೈಯಿಂದ ಆಗುತ್ತದೆ ಎಂಬ ನಂಬಿಕೆಯ ಮೇಲೆ ಆ ಮನುಷ್ಯ ಬೆಳಿಗ್ಗೆ ಎದ್ದು ಕೆಳಗಿಳಿದು ಬರುತ್ತಿದ್ದರು. ಆ ನಂಬಿಕೆಯನ್ನು ತೆಗೆದವನು ನಾನು. ಹೇಗೆ ತೆಗೆದೆ ಎಂದು ಬಿಡಿಸಿ ಹೇಳಬೇಕು.

ಐದು ವರ್ಷದ ಹಿಂದೆ, ಪರೀಕ್ಷೆಯ ಕಾಲ. ಸಿಗ್ನಲ್ಲಿನಲ್ಲಿ ನಿಂತಾಗ ನನ್ನ ಬೈಕು ತಾನಾಗಿಯೇ ಅರಚತೊಡಗಿತು. ಆಕ್ಸಿಲರೇಟರ್ ಮುಟ್ಟದಿದ್ದರೂ ರೇಸ್ ಆಗುತ್ತಿತ್ತು. ತೆಗೆದುಕೊಂಡು ಹೋದೆ. ಬಿಚ್ಚಿ ತೋರಿಸಿದರು. ಕಾರ್ಬುರೇಟರ್ ಎಂಜಿನ್ನಿಗೆ ಅಂಟಿಕೊಳ್ಳುವ ಬಾಯಿಯಲ್ಲಿ ಒಂದು ರಬ್ಬರ್ ರಿಂಗು ಇರುತ್ತದೆ, ಎರಡು ಕಡೆ ಎರಡು ನಟ್ಟು ಅದನ್ನು ಒತ್ತಿ ಹಿಡಿದಿರುತ್ತವೆ. ಆ ರಿಂಗು ಸವೆದು ಚಪ್ಪಟೆಯಾಗಿತ್ತು, ಪಕ್ಕದಿಂದ ಗಾಳಿ ನುಗ್ಗುತ್ತಿತ್ತು. ಅವರು ಅಭ್ಯಾಸದಂತೆ ಅದನ್ನು ಕತ್ತರಿಸಿ ಎಸೆದರು. ಆಮೇಲೆ ಡಬ್ಬಿ ಹುಡುಕಿದರೆ ಆ ಅಳತೆಯದು ಇರಲಿಲ್ಲ.

"ಸ್ವಾಮಾರ ತರುಸ್ತೀನಿ. ಗಾಡಿ ಇಲ್ಲೇ ಇರ್ಲಿ."

ನನಗೆ ಮರುದಿನ ಪರೀಕ್ಷಾ ಕೊಠಡಿಯ ಡ್ಯೂಟಿ. ಬಸ್ಸಿನಲ್ಲಿ ಹೋಗಬಹುದಿತ್ತು. ಹೋಗಲಿಲ್ಲ. ಜಗಳ ಆಡಿದೆ, ಗೋಗರೆದೆ. ಕಡೆಗೆ ಅವರು ತಮ್ಮ ಕಟ್ಟಳೆ ಮುರಿದು, ಇದ್ದುದರಲ್ಲಿ ಹತ್ತಿರದ ಅಳತೆಯ ರಿಂಗೊಂದನ್ನು ಕೂರಿಸಿ ಕೊಟ್ಟರು. ಮುಖ ಸಿಂಡರಿಸಿಕೊಂಡೇ ಕೊಟ್ಟರು.

"ಸ್ವಲ್ಪ ರೇಸ್ ಇರ್ತದೆ. ಇರ್ಲಿ ಬುಡಿ. ಸ್ವಾಮಾರ ಬರ್ಲೇಬೇಕು. ಅಲ್ಲೀಗಂಟ ನಟ್ಟು ಮಾತ್ರ ಮುಟ್ಬೇಡಿ ಮೇಷ್ಟ್ರೇ."

ಶನಿವಾರ ಮಧ್ಯಾಹ್ನ ಮನೆಯ ಮುಂದೆ ನಿಲ್ಲಿಸಿದಾಗ ಬೈಕು ಮತ್ತೆ ಅರಚಿತು. ಎದುರುಮನೆಯವರು ಕಿಟಕಿ ಹಾಕಿಕೊಂಡರು. ನನಗೆ ರೇಗಿತು. ಟೂಲ್ ಬಾಕ್ಸಿನಿಂದ ಉದ್ದನೆಯ ಸ್ಪ್ಯಾನರು ತೆಗೆದು ಆ ಎರಡು ನಟ್ಟುಗಳನ್ನು ಬಿಗಿ ಮಾಡಿದೆ. ಇನ್ನೂ ಸ್ವಲ್ಪ ಮಾಡಿದೆ. ಸದ್ದು ನಿಂತುಹೋಯಿತು. ಹೆಂಡತಿ ತವರಿಗೆ ಹೋಗಿದ್ದಳು, ಯಾರೂ ನೋಡಲಿಲ್ಲ. ಇಷ್ಟಕ್ಕೆ ಸೋಮವಾರ ಬೇರೆ ಹೋಗಬೇಕೇ ಎಂದುಕೊಂಡು ಕೈ ತೊಳೆದೆ.

ಅದರಿಂದ ಆದದ್ದೇನೆಂದರೆ, ಕಾರ್ಬುರೇಟರಿನ ಬಾಯಿ ಮೆತ್ತನೆಯ ಲೋಹ. ಎರಡು ಕಡೆಯಿಂದ ಜಗ್ಗಿದರೆ ಬಾಗುತ್ತದೆ. ಬಾಗಿದರೆ ಅದರೊಳಗೆ ಆಕ್ಸಿಲರೇಟರಿಗೆ ತಕ್ಕಂತೆ ಏರಿಳಿಯುವ ಸ್ಲೈಡು ಸಿಕ್ಕಿಕೊಳ್ಳುತ್ತದೆ, ಇವತ್ತಲ್ಲದಿದ್ದರೆ ನಾಳೆ. ಆಮೇಲೆ ಆಕ್ಸಿಲರೇಟರ್ ಬಿಟ್ಟರೂ ಬೈಕು ನಿಲ್ಲುವುದಿಲ್ಲ. ಒತ್ತಡ, ಬಲ, ಬಾಗುವಿಕೆ ಎಲ್ಲವನ್ನೂ ನಾನು ಬೋರ್ಡಿನ ಮೇಲೆ ಬರೆದು ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ.

ಎರಡು ವಾರ ಏನೂ ಆಗಲಿಲ್ಲ. ಮೂರನೇ ವಾರ ನನ್ನ ಹೆಂಡತಿಯ ತಮ್ಮ ಬೈಕು ಕೇಳಿಕೊಂಡು ಬಂದ. ದಾಸರಹಳ್ಳಿಯಲ್ಲಿ ಅವನ ಮನೆ, ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಮೆಷಿನ್ ಕೆಲಸ. ಮಾಕಳಿಯ ಹತ್ತಿರ ಸ್ನೇಹಿತನ ಗೃಹಪ್ರವೇಶ ಇತ್ತು. ವಾಪಸ್ಸು ಬರುವಾಗ ತುಮಕೂರು ರಸ್ತೆಯಲ್ಲಿ ಲಾರಿಯೊಂದನ್ನು ಹಿಂದೆ ಹಾಕಲು ವೇಗ ಹೆಚ್ಚಿಸಿದನಂತೆ. ಆಕ್ಸಿಲರೇಟರ್ ಬಿಟ್ಟರೂ ವೇಗ ಇಳಿಯಲಿಲ್ಲ. ಬ್ರೇಕು ಒತ್ತಿದರೂ ಎಂಜಿನ್ ಎಳೆಯುತ್ತಲೇ ಇತ್ತು. ಮುಂದೆ ರಸ್ತೆ ಬದಿಯಲ್ಲಿ ನಿಂತಿದ್ದ ಇನ್ನೊಂದು ಲಾರಿಯ ಹಿಂಭಾಗಕ್ಕೆ ಹೋಗಿ ಬಡಿದ. ಎಡಗಾಲನ್ನು ಮಂಡಿಯ ಕೆಳಗೆ ತೆಗೆಯಬೇಕಾಯಿತು. ಆಗ ಅವನಿಗೆ ಇಪ್ಪತ್ತಾರು.

ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದಾಗ ಅವನು ಮೊದಲು ಹೇಳಿದ್ದು, "ಭಾವ, ಆಕ್ಸಿಲರೇಟರ್ ವಾಪಸ್ ಬರ್ಲೇ ಇಲ್ಲ." ಪಕ್ಕದಲ್ಲಿದ್ದ ನನ್ನ ಮಾವ ಕೇಳಿದರು, ಯಾರ ಹತ್ತಿರ ಸರ್ವಿಸ್ ಮಾಡಿಸಿದ್ದು ಎಂದು. ನನಗೆ ಆ ಕ್ಷಣದಲ್ಲೇ ಎಲ್ಲ ಗೊತ್ತಾಗಿತ್ತು. ನಾನು ಅವರ ಹೆಸರು ಹೇಳಿದೆ.

ಮಾವ ಅಂಗಡಿಗೆ ಹೋಗಿ ಅವರ ಕೆನ್ನೆಗೆ ಹೊಡೆದರಂತೆ. ಅವರು ತಿರುಗಿ ಕೈ ಎತ್ತಲಿಲ್ಲ, "ಗಾಡಿ ಎಲ್ಲೈತೆ? ನಾನು ನೋಡ್ಬೇಕು" ಎಂದರಂತೆ. ಅಣ್ಣನ ಕಡೆಯ ಹುಡುಗರು ಗಲಾಟೆಗೆ ಬಂದಾಗ ಅವರೇ ಅಡ್ಡ ನಿಂತು ಕಳಿಸಿದರಂತೆ.

ನಾನು ಪೊಲೀಸ್ ಸ್ಟೇಷನ್ನಿನಿಂದ ಬೈಕು ಬಿಡಿಸಿಕೊಂಡ ದಿನ ಅವರು ಅದರ ಸಮೇತ ನನ್ನನ್ನು ಅಂಗಡಿಗೆ ಕರೆಸಿದರು. ಕಾರ್ಬುರೇಟರ್ ಬಿಚ್ಚಿ, ಅದರ ಬಾಯಿಯನ್ನು ಒಂದು ಗಾಜಿನ ಹಲಗೆಯ ಮೇಲೆ ಬೋರಲಾಗಿ ಇಟ್ಟರು. ಸರಿಯಾಗಿದ್ದರೆ ಗಾಜಿಗೆ ಪೂರ್ತಿ ಕೂರಬೇಕು. ಅವರು ಬಸ್ ಟಿಕೆಟಿನ ಚೂರೊಂದನ್ನು ನಡುವೆ ತಳ್ಳಿದರು. ಆ ಕಡೆಯಿಂದ ಈ ಕಡೆಗೆ ಸಲೀಸಾಗಿ ಹೊರಗೆ ಬಂತು.

"ಬಗ್ಗೋಗೈತೆ. ಮೇಷ್ಟ್ರೇ, ನಟ್ಟು ಯಾರಾನ ಮುಟ್ಟಿದ್ರಾ?"

"ಇಲ್ಲ."

"ನೀವು?"

"ನಾನ್ಯಾಕೆ ಮುಟ್ಲಿ? ನೀವು ಕೊಟ್ಟ ಹಾಗೇ ಇತ್ತು."

ಅವರು ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ತಿಳಿಯುತ್ತಿತ್ತೋ ಏನೋ. ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಅವತ್ತು ನೀವು ಅರ್ಜೆಂಟ್ ಮಾಡ್ತಿದ್ರಿ. ಉದ್ದದ್ ಸ್ಪ್ಯಾನರ್ ಎತ್ಕೊಂಡ್ನೋ ಏನೋ... ಗ್ಯಾನಕ್ಕೆ ಬರ್ತಾನೇ ಇಲ್ಲ" ಎಂದರು. ಕಾರ್ಬುರೇಟರನ್ನು ಗಾಜಿನಿಂದ ಎತ್ತಿಟ್ಟು, "ನೀವು ಮುಟ್ಟಿಲ್ಲ ಅಂದ್ರೆ ನಾನೇ" ಎಂದರು. ವಾದವಿಲ್ಲ, ಅನುಮಾನವಿಲ್ಲ. ಅವರ ಲೆಕ್ಕದಲ್ಲಿ ಇದ್ದದ್ದು ಎರಡೇ. ಒಂದು ಮೇಷ್ಟ್ರ ಮಾತು, ಇನ್ನೊಂದು ತಮ್ಮ ಕೈ. ಎರಡರಲ್ಲಿ ಒಂದು ತಪ್ಪಿರಬೇಕು. ಅವರು ಕೈಯನ್ನು ಬಿಟ್ಟುಕೊಟ್ಟರು.

ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದರೆ ದೊಡ್ಡ ಕಾರಣವೇನಿಲ್ಲ. ಹೆದರಿದೆ. ಹೆಂಡತಿಯ ಮುಖಕ್ಕೆ ಹೆದರಿದೆ, ಮಾವನ ಕೈಗೆ ಹೆದರಿದೆ. ಇವರಿಗೇನು, ಆಸ್ತಿವಂತರು, ಅಂಗಡಿ ಮುಚ್ಚಿದರೂ ಉಪವಾಸ ಬೀಳುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿ ಮಾಡುವ ಲೆಕ್ಕಾಚಾರವೇ ಅದು.

ಅದಾದ ಮೇಲೆ ಅವರನ್ನು ನೋಡುವುದೇ ಕಷ್ಟವಾಯಿತು. ನಟ್ಟು ಬಿಗಿ ಮಾಡಿ, ಸಡಿಲಿಸಿ, ಮತ್ತೆ ಬಿಗಿ ಮಾಡಿ, ಎದ್ದು ಹೋಗಿ, ಮತ್ತೆ ಬಂದು ಮುಟ್ಟಿ ನೋಡುತ್ತಿದ್ದರು. ದಾರಿಯಲ್ಲಿ ಹೋಗುವವರನ್ನು ಕರೆದು, "ಒಸಿ ತಿರುಗ್ಸಿ ನೋಡಿ ಸಾಮಿ, ಜಾಸ್ತಿ ಆಯ್ತಾ?" ಎಂದು ಕೇಳುತ್ತಿದ್ದರು. ತರಕಾರಿ ಗಾಡಿಯವನಿಗೆ ಏನು ಗೊತ್ತಾಗಬೇಕು? ಹೆದರಿ ಹೆದರಿ ಸಡಿಲ ಬಿಟ್ಟ ಕಾರ್ಬುರೇಟರೊಂದು ಯಲಹಂಕದ ದಾರಿಯಲ್ಲಿ ಕಳಚಿ ನೇತಾಡಿತಂತೆ. ಗಿರಾಕಿ ಬಂದು ಬೈದು ಹೋದ. ಮೊದಲಾಗಿದ್ದರೆ ಅವನ ಏಳು ತಲೆಮಾರನ್ನೂ ಜಾಲಾಡುತ್ತಿದ್ದರು. ಆ ದಿನ ತಲೆ ತಗ್ಗಿಸಿ ಕೇಳಿಸಿಕೊಂಡರಂತೆ.

ಒಂದು ಬೆಳಿಗ್ಗೆ ಟೀ ಅಂಗಡಿಯ ಮುಂದೆ ಸಿಕ್ಕಿದರು. ತಪ್ಪಿಸಿಕೊಳ್ಳಲು ಆಗಲಿಲ್ಲ.

"ಮೇಷ್ಟ್ರೇ, ನೀವು ಓದ್ಕೊಂಡೋರು. ವಯಸ್ಸಾದ್ರೆ ಕೈಗೆ ಬಿಗಿ ಗೊತ್ತಾಗಲ್ವಾ?"

ಇಲ್ಲಿ ನಾನು ಮಾಡಿದ್ದು ಮೊದಲಿನ ಸುಳ್ಳಿಗಿಂತ ಹೀನ ಕೆಲಸ. ಆ ಮೊದಲಿನದು ಭಯದಿಂದ ಬಾಯಿ ತಪ್ಪಿ ಬಂದದ್ದು ಎನ್ನಬಹುದು. ಇದನ್ನು ಯೋಚಿಸಿ ಹೇಳಿದೆ. ವಯಸ್ಸಾದಂತೆ ಬೆರಳ ತುದಿಯ ನರಗಳ ಸೂಕ್ಷ್ಮ ಕಡಿಮೆಯಾಗುತ್ತದೆ, ಅದು ನಮಗೇ ತಿಳಿಯುವುದಿಲ್ಲ, ಎಲ್ಲರಿಗೂ ಆಗುವುದೇ ಎಂದು ತರಗತಿಯಲ್ಲಿ ಹೇಳುವ ಧಾಟಿಯಲ್ಲಿ ವಿವರಿಸಿದೆ. ಅವರು ಟೀ ಲೋಟ ಹಿಡಿದುಕೊಂಡು, ವಿಧೇಯ ವಿದ್ಯಾರ್ಥಿಯಂತೆ ತಲೆಯಾಡಿಸಿದರು. ಅವರಿಗೆ ಆಗ ಐವತ್ತೆಂಟು.

ತಿಂಗಳ ನಂತರ ಮನೆಗೇ ಬಂದರು. ಹೆಬ್ಬಾಳದ ಕಡೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ನರದ ಪರೀಕ್ಷೆ ಮಾಡಿಸಿದ್ದರಂತೆ. "ಡಾಕ್ಟ್ರು ಏನೂ ಆಗಿಲ್ಲ, ಕೈ ಚೆನ್ನಾಗೈತೆ ಅಂತಾರೆ. ಅವ್ರಿಗೇನ್ ಗೊತ್ತು ಬುಡಿ. ನೀವೇ ಏಳಿದ್ರಲ್ಲ, ತಿಳಿಯಾಕಿಲ್ಲ ಅಂತ" ಎಂದು ರಿಪೋರ್ಟು ನನ್ನ ಕೈಗೆ ಕೊಟ್ಟರು. ಆ ಹಾಳೆಗಳನ್ನು ಹಿಡಿದುಕೊಂಡು ಕೂತೆ. ಆಗಲಾದರೂ ಹೇಳಬಹುದಿತ್ತು. ಒಳಗಿನಿಂದ ಹೆಂಡತಿ, 'ಯಾರ್ರೀ ಬಂದಿರೋದು' ಎಂದು ಕೇಳಿದಳು. ಬಾಯಿ ಮುಚ್ಚಿಕೊಂಡೆ. ಅದಾಗಿ ಸ್ವಲ್ಪ ದಿನಕ್ಕೆ ಅಂಗಡಿ ಬಾಗಿಲು ಹಾಕಿದರು. ಅಣ್ಣನೇ ಬಂದು ನಿಂತು ಮಳಿಗೆಯನ್ನು ಬಾಡಿಗೆಗೆ ಕೊಡಿಸಿದರು. ಅವರು ಮೇಲೆ ಹೋಗಿ ಕಾಲು ಚಾಚಿಕೊಂಡು ಕೂತರು. ಮತ್ತೆ ಕೆಳಗಿಳಿದದ್ದು ಕಡಿಮೆ.

ಹೋದ ಭಾನುವಾರ ಇದನ್ನೆಲ್ಲ ನನ್ನ ಹೆಂಡತಿಯ ಮುಂದೆ, ಅವಳ ತಮ್ಮನ ಮುಂದೆ ಹೇಳಿದೆ. ಅವಳು ಎದ್ದು ಒಳಗೆ ಹೋದಳು, ಈವರೆಗೆ ನನ್ನೊಂದಿಗೆ ಮಾತಾಡಿಲ್ಲ. ಅವನು ತನ್ನ ಕೃತಕ ಕಾಲಿನ ಪಟ್ಟಿಯನ್ನು ಬಿಚ್ಚಿ, ಮತ್ತೆ ಕಟ್ಟಿಕೊಂಡ. ಈಗ ಅವನು ಫ್ಯಾಕ್ಟರಿ ಬಿಟ್ಟು ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತಾನೆ. ಆಮೇಲೆ ಒಂದೇ ಪ್ರಶ್ನೆ ಕೇಳಿದ.

"ಅವ್ರಿಗೆ ಹೇಳಿದ್ರಾ ಭಾವ?"

ಹೇಳಿದ್ದೆ. ಅವರು ಹೋಗುವುದಕ್ಕೆ ಎಂಟು ದಿನ ಮುಂಚೆ. ಲಿವರ್ ಪೂರ್ತಿ ಕೆಟ್ಟಿತ್ತು, ಆಸ್ಪತ್ರೆಯವರು ಮನೆಗೆ ಕಳಿಸಿಬಿಟ್ಟಿದ್ದರು. ಮಹಡಿಯ ಕೋಣೆಯಲ್ಲಿ ಮಂಚದ ಮೇಲೆ, ಒಣಗಹಾಕಿದ ಬಟ್ಟೆಯ ಹಾಗೆ ಮಲಗಿದ್ದರು. ಮಧ್ಯಾಹ್ನದ ಹೊತ್ತು. ನಾನು ಸುತ್ತಿ ಬಳಸಿ ಮಾತಾಡಲಿಲ್ಲ. "ಆ ನಟ್ಟು ಬಿಗಿ ಮಾಡಿದ್ದು ನಾನು. ನಿಮ್ಮ ಕೈ ತಪ್ಪಿಲ್ಲ. ಯಾವತ್ತೂ ತಪ್ಪಿಲ್ಲ. ನಾನು ಸುಳ್ಳು ಹೇಳ್ದೆ" ಎಂದೆ.

ಅವರು ಕಣ್ಣು ಬಿಟ್ಟು ನನ್ನನ್ನೇ ನೋಡಿದರು. ಆ ಕಣ್ಣಿನಲ್ಲಿ ಹಳೆಯ ಮೆಕ್ಯಾನಿಕ್ಕು ಒಂದು ಗಳಿಗೆ ಎದ್ದು ಕೂತ.

"ಯಾವ ಕಡೆ ನಟ್ಟು ಮೊದ್ಲು ತಿರುಗ್ಸಿದ್ರಿ?"

ನಾನು ಯೋಚಿಸಿದೆ. "ಎಡಗಡೆ... ಇರಬೇಕು."

"ಎಷ್ಟ್ ಸುತ್ತು?"

"ಅರ್ಧ. ಆಮೇಲೆ ಇನ್ನೊಂಚೂರು. ಸರಿಯಾಗಿ ನೆನಪಿಲ್ಲ."

"ಬಿಗಿ ಆಗ್ಬೇಕಾದ್ರೆ ಒಂದ್ಕಡೆ ಮೆತ್ತಗೆ ಬುಟ್ಕೊಟ್ಟಂಗೆ ಆಯ್ತದೆ, ಬಗ್ಗೋವಾಗ. ಗೊತ್ತಾಯ್ತಾ ಕೈಗೆ?"

ಗೊತ್ತಾಗಿರಲಿಲ್ಲ. ನನ್ನ ಕೈಗೆ ಏನು ಗೊತ್ತಾಗುತ್ತದೆ? ಸದ್ದು ನಿಂತದ್ದೊಂದೇ ನನಗೆ ಗೊತ್ತಾದದ್ದು. ಇಲ್ಲ ಎಂದು ತಲೆಯಾಡಿಸಿದೆ.

ಅವರು ನಕ್ಕರು. ಹಲ್ಲುಗಳಷ್ಟೇ ಕಾಣುವಷ್ಟು ಇಳಿದಿತ್ತು ಮುಖ. "ನೋಡಿದ್ರಾ. ಮಾಡಿದ್ ಕೈಗೆ ಗ್ಯಾನ ಇದ್ದೇ ಇರ್ತದೆ ಮೇಷ್ಟ್ರೇ" ಎಂದು ಹೇಳಿ, ಹೆಂಡತಿಯನ್ನು ಕೂಗಿದರು. "ಬಾ ಇಲ್ಲಿ, ಮೇಷ್ಟ್ರ ನೋಡು. ಸಾಯೋನ್ಗೆ ಸಮಾಧಾನ ಆಗ್ಲಿ ಅಂತ ನನ್ ತಪ್ಪ ತಮ್ ಮ್ಯಾಲ್ ಆಕ್ಕೊಂಡವ್ರೆ."

ಆಕೆ ಬಾಗಿಲಲ್ಲೇ ನಿಂತು, ಕಣ್ಣು ತುಂಬಿಕೊಂಡು ನನಗೆ ಕೈ ಮುಗಿದರು. ಇಲ್ಲಮ್ಮ, ನಿಜವಾಗಲೂ ನಾನೇ ಮಾಡಿದ್ದು ಎಂದು ನಾನು ಗಟ್ಟಿಯಾಗಿ ಹೇಳಿದೆ, ಮತ್ತೆ ಮತ್ತೆ ಹೇಳಿದೆ, ಅತ್ತೆ. ಮಂಚದಿಂದಲೇ ಅವರು ಕೈ ಚಾಚಿ ನನ್ನ ಮಣಿಕಟ್ಟನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ನಿಲ್ಲಿಸಿದರು.

"ಬುಡಿ ಮೇಷ್ಟ್ರೇ, ಸಾಕು. ನಿಮ್ಗೆ ಸುಳ್ಳು ಏಳಾಕ್ ಬರಾಕಿಲ್ಲ."